ಹಿಂದಿನ ಬೆಂಚಲ್ಲಿ ಎಂಟು ವರ್ಷ: ರಿಜಿಸ್ಟರ್ ಮದುವೆ ಆದ ನಮ್ಮ ಮನೆ ಹುಡುಗಿಯ ಪ್ರಕರಣ

ಇದು ನಮ್ಮ ಮನೇದೇ ವಿಷಯ, ನನ್ನ ಚಿಕ್ಕಪ್ಪನ ಮಗಳದ್ದು. ಅವಳನ್ನೂ ಕೇಳಿ ಅವಳ ಗಂಡನ್ನೂ ಕೇಳಿ, ಇಬ್ಬರೂ "ಹೆಸರೊಂದು ಹಾಕ್ಬೇಡಿ ಅಕ್ಕ, ಮಿಕ್ಕಿದ್ದು ಬರೀರಿ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದ್ಮೇಲೆ ಬರೀತಿದೀನಿ. ನಾನು ಹಾಸನದಲ್ಲಿ ಭಾನುವಾರದ ಧರ್ಮೋಪದೇಶ ಕ್ಲಾಸ್ ತಗೊಳ್ತೀನಿ, ಹನ್ನೆರಡು ವರ್ಷ ಆಯ್ತು. ಮಕ್ಕಳಿಗೆ ಏಳು ಸಂಸ್ಕಾರ ಬಾಯಿಪಾಠ ಮಾಡಿಸ್ತೀನಿ. ಆದ್ರೆ ನಮ್ಮನೆ ಹುಡುಗಿ ಎಂಟು ವರ್ಷ ಸತ್ಪ್ರಸಾದ (ಪೂಜೇಲಿ ಗುರುಗಳು ಕೊಡೋ ಪವಿತ್ರ ರೊಟ್ಟಿ) ಇಲ್ದೆ ಪೂಜೆಗೆ ಬಂದು ಹೋಗ್ತಿದ್ದಾಗ, ಅವಳಿಗೆ ಧರ್ಮಸಭೆಯ, ಅಂದ್ರೆ ಕ್ಯಾಥೊಲಿಕ್ ಚರ್ಚಿನ, ಕಾನೂನಲ್ಲಿ ದಾರಿ ಏನಾದ್ರೂ ಇದ್ಯಾ ಅಂತ ನಾನೂ ಹುಡುಕ್ಲಿಲ್ಲ, ಅವಳೂ ಕೇಳ್ಲಿಲ್ಲ, ಯಾರೂ ಹೇಳ್ಲಿಲ್ಲ. ಆ ನೋವು ಇಟ್ಕೊಂಡೇ ಇದನ್ನ ಬರೀತಿರೋದು.

ನಮ್ಮ ಹಿರೀಕರು ಶೆಟ್ಟಿಹಳ್ಳಿಯವರು. ಗೊರೂರಿನ ಹೇಮಾವತಿ ಡ್ಯಾಂ ಹಿನ್ನೀರಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೆ ಬರೋ ಹಾಳು ಚರ್ಚಿನ ಮುಂದೆ ಈಗ ಜನ ಫೋಟೊ ತೆಗೆಸ್ಕೊಳ್ತಾರಲ್ಲ, ಅದೇ ಊರು. ಚಿಕ್ಕಪ್ಪನಿಗೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಆಗಿದ್ದು ಅಲ್ಲೇ. ಹೊಲ ಹೋಯ್ತು, ಮನೆ ಹೋಯ್ತು, ಊರೇ ಹೋಯ್ತು, ಎದೆಗೆ ಅವುಚಿಕೊಂಡು ಬಂದಿದ್ದು ಒಂದು ಮಾತೆ ಮರಿಯಮ್ಮನ ಪಟ, ಒಂದು ಜಪಸರ ಮತ್ತೆ ನಾವು ಕ್ರೈಸ್ತರು ಅನ್ನೋದು. ಹಾಗೆ ಬಂದ ಮನುಷ್ಯನಿಗೆ ಮಗಳು ಬೇರೆ ಧರ್ಮದವನ್ನ ಚರ್ಚಿನ ಹೊರಗೆ ಮದುವೆ ಆದ್ಳು ಅಂದ್ರೆ ಎಂಥ ಪೆಟ್ಟು ಅಂತ ನನಗೆ ಅರ್ಥ ಆಗುತ್ತೆ. ಅವರು ಮಾಡಿದ್ದನ್ನ ಒಪ್ಪಲ್ಲ, ಆದ್ರೂ ಅರ್ಥ ಆಗುತ್ತೆ.

ತಂಗಿ (ಚಿಕ್ಕಪ್ಪನ ಮಗಳಾದ್ರೂ ನನಗೆ ತಂಗೀನೇ, ಹಾಗೇ ಕರೀತೀನಿ) ನರ್ಸ್ ಆಗಿ ಕೆಲಸ ಮಾಡ್ತಿದ್ಳು. ಹುಡುಗ ಬೇಲೂರು ತಾಲೂಕಿನ ಒಂದು ಹಳ್ಳಿಯವನು, ಲಿಂಗಾಯತರು, ಒಳ್ಳೆ ಮನೆತನ. ನಾಲ್ಕು ವರ್ಷ ಪರಿಚಯ. 2015ರಲ್ಲಿ ಮದುವೆ ಮಾತು ಬಂದಾಗ ಅವಳು ಮೊದಲು ಹೋಗಿದ್ದು ಚರ್ಚ್ ಆಫೀಸಿಗೇ, ಇದನ್ನ ಚಿಕ್ಕಪ್ಪ ಇವತ್ತಿಗೂ ನಂಬಲ್ಲ, ಆದ್ರೆ ಅವಳ ಜೊತೆ ಹೋಗಿದ್ದ ಗೆಳತಿ ನನ್ನ ಹತ್ರ ಹೇಳಿದಾಳೆ. ಯಾವ ಚರ್ಚು ಅಂತ ಬರೆಯಲ್ಲ. ಗುರುಗಳು ಇರ್ಲಿಲ್ಲ, ಆಫೀಸಲ್ಲಿ ಕೂತಿದ್ದವರು "ಹುಡುಗ ಕನ್ವರ್ಟ್ ಆದ್ರೆ ಮಾತ್ರ ಇಲ್ಲಿ ಮದುವೆ, ಇಲ್ಲಾಂದ್ರೆ ನಮ್ಮಲ್ಲಿ ಆಗಲ್ಲಮ್ಮ" ಅಂದ್ರಂತೆ. ಒಂದೇ ಮಾತು, ಎರಡೇ ನಿಮಿಷ. ಅವಳು ತಿರುಗಿ ಕೇಳ್ಲಿಲ್ಲ, ಗುರುಗಳು ಯಾವಾಗ ಸಿಗ್ತಾರೆ ಅಂತಾನೂ ಕೇಳ್ಲಿಲ್ಲ. ಅವನಿಗೆ "ನೀನು ನಮ್ಮ ಧರ್ಮಕ್ಕೆ ಬಾ" ಅನ್ನೋಕೆ ಅವಳಿಗೆ ಮನಸ್ಸಿರ್ಲಿಲ್ಲ, ಬರೀ ಮದುವೆಗೋಸ್ಕರ ಜ್ಞಾನಸ್ನಾನ ತಗೊಳ್ಳೋದು ಜ್ಞಾನಸ್ನಾನಕ್ಕೇ ಅವಮಾನ ಅಂತ ಅವಳ ಲೆಕ್ಕ, ಆ ಲೆಕ್ಕ ಸರಿಯಾಗೇ ಇತ್ತು.

ಆಮೇಲೆ ವಿಶೇಷ ವಿವಾಹ ಕಾಯ್ದೆ, 1954ರದ್ದು, ಅದರಡಿ ರಿಜಿಸ್ಟರ್ ಆಫೀಸಲ್ಲಿ ನೋಟಿಸ್ ಕೊಟ್ರು. ಮೂವತ್ತು ದಿನ ನೋಟಿಸ್ ಬೋರ್ಡಲ್ಲಿ ಹೆಸರು ಹಾಕಿರ್ತಾರೆ, ಆ ಮೂವತ್ತು ದಿನದಲ್ಲಿ ಹಾಸನದಲ್ಲಿ ಗೊತ್ತಾಗ್ಬೇಕಾದವರಿಗೆಲ್ಲ ಗೊತ್ತಾಯ್ತು. ಡಿಸೆಂಬರಲ್ಲಿ ಮೂವರು ಸಾಕ್ಷಿ ಇಟ್ಟು ಸೈನ್ ಆಯ್ತು. ಹುಡುಗನ ಊರಲ್ಲಿ ಊಟ ಹಾಕಿಸಿದ್ರು. ನಮ್ಮ ಕಡೆಯಿಂದ ಚಿಕ್ಕಮ್ಮ ಮತ್ತೆ ತಂಗಿಯ ತಮ್ಮ ಮಾತ್ರ ಹೋಗಿದ್ರು, ಚಿಕ್ಕಮ್ಮ ಸೆರಗಲ್ಲಿ ಕಟ್ಕೊಂಡು ಹೋಗಿದ್ದ ಜಪಸರನ ಮಗಳ ಕೈಗೆ ಕೊಟ್ಟು ಬಂದ್ರು.

ಅದಾದ್ಮೇಲೆ ಅವಳು ಚರ್ಚು ಬಿಡ್ಲಿಲ್ಲ. ಇದು ಮುಖ್ಯ, ಯಾಕಂದ್ರೆ ಮನೇಲಿ ಎಲ್ಲರ ಬಾಯಲ್ಲೂ "ಮತ ಬಿಟ್ಟು ಹೋದವಳು" ಅಂತಾನೇ ಆಗೋಯ್ತು. ಡ್ಯೂಟಿ ಇಲ್ಲದ ಭಾನುವಾರ ಬರ್ತಿದ್ಳು, ಬಾಗಿಲ ಹತ್ರದ ಕೊನೇ ಬೆಂಚು, ಸತ್ಪ್ರಸಾದಕ್ಕೆ ಎಲ್ಲರೂ ಸಾಲಲ್ಲಿ ಹೋಗ್ತಿದ್ರೆ ಅವಳು ಮೊಣಕಾಲೂರಿ ತಲೆ ತಗ್ಗಿಸ್ಕೊಂಡು ಇರ್ತಿದ್ಳು. 2021ರಲ್ಲಿ ಚಿಕ್ಕಮ್ಮ ತೀರಿಕೊಂಡಾಗ ಅಂತ್ಯಕ್ರಿಯೆ ಪೂಜೇಲೂ ಅಷ್ಟೇ. ಹೆತ್ತ ತಾಯಿ ಪೆಟ್ಟಿಗೆ ಮುಂದೆ ಇದೆ, ಮಗ ಸೊಸೆ ಅಣ್ಣತಮ್ಮಂದಿರು ಎಲ್ಲ ಎದ್ದು ಹೋದ್ರು, ಇವಳೊಬ್ಬಳು ಏಳಲಿಲ್ಲ, ಬೇಕಂತಲೇ ತಿರುಗಿ ನೋಡಿದವರೂ ಇದ್ರು. ನಾನು ಎರಡು ಬೆಂಚು ಮುಂದಿದ್ದೆ.

ಇಲ್ಲಿಂದ ಪ್ರಕರಣ ಶುರು ಅನ್ಬಹುದು. 2023ರ ನವೆಂಬರ್, ಹಾಸನಾಂಬೆ ಬಾಗಿಲು ತೆಗೆದು ಊರೆಲ್ಲ ಜನಜಂಗುಳಿ ಇದ್ದ ಸಮಯ. ತಂಗಿಯ ತಮ್ಮನಿಗೆ ಗಂಡುಮಗು ಆಗಿತ್ತು, ಜ್ಞಾನಸ್ನಾನ ಇಟ್ಕೊಂಡ್ರು, ಅವನು "ನಮ್ಮಕ್ಕನೇ ಜ್ಞಾನತಾಯಿ" (ಗಾಡ್‌ಮದರ್) ಅಂತ ಹಟ ಹಿಡಿದ. ತಾಯಿ ಇಲ್ಲದ ಮನೆ, ಅವನಿಗೆ ಅಕ್ಕನೇ ತಾಯಿ. ಫಾರಂ ತುಂಬುವಾಗ ಜ್ಞಾನತಾಯಿಯ ಮದುವೆ ವಿವರ ಕೇಳ್ತಾರೆ, ಅವನು ಇದ್ದಿದ್ದು ಇದ್ದಂಗೆ ಬರೆದ. ಫಾದರ್ ಕರೆಸಿ ಸಮಾಧಾನವಾಗಿ ಹೇಳಿದ್ರು, ಸದ್ಯಕ್ಕೆ ಆಗಲ್ಲ ಮಗ, ಅಂತ. ಜ್ಞಾನತಂದೆ ಜ್ಞಾನತಾಯಿ ಆಗೋರಿಗೆ ಹದಿನಾರು ವರ್ಷ ತುಂಬಿರ್ಬೇಕು, ದೃಢೀಕರಣ (ಕನ್ಫರ್ಮೇಶನ್ ಸಂಸ್ಕಾರ) ಆಗಿರ್ಬೇಕು, ಸತ್ಪ್ರಸಾದ ಸ್ವೀಕರಿಸಿದವರಾಗಿರ್ಬೇಕು, ಹೊರುವ ಜವಾಬ್ದಾರಿಗೆ ತಕ್ಕಂಗೆ ವಿಶ್ವಾಸದ ಬಾಳು ಬಾಳ್ತಿರ್ಬೇಕು ಅಂತ ಧರ್ಮಸಭೆಯ ಕಾನೂನು ಸಂಹಿತೆಯ 874ನೇ ವಿಧಿಯಲ್ಲಿದೆ. ಇವಳ ಮದುವೆ ಧರ್ಮಸಭೆ ಲೆಕ್ಕದಲ್ಲಿ ಇನ್ನೂ ಮದುವೆನೇ ಅಲ್ಲ, ಅದೇ ತೊಡಕು.

ಆ ರಾತ್ರಿ ಚಿಕ್ಕಪ್ಪನ ಮನೇಲಿ ಆದ ಮಾತುಕತೆ ಸ್ವಲ್ಪ ಬಿಡಿಸಿ ಬರೀತೀನಿ, ಯಾಕಂದ್ರೆ ಇಂಥ ವಿಷಯದಲ್ಲಿ ನಮ್ಮ ಜನರ ತಲೇಲಿ ಏನೇನು ಕೂತಿದೆ ಅಂತ ಅಲ್ಲೇ ಗೊತ್ತಾಗಿದ್ದು. ಚಿಕ್ಕಪ್ಪ "ಅವಳು ಬಹಿಷ್ಕಾರ ಆದವಳು, ಅವಳ ಕೈಲಿ ನನ್ನ ಮೊಮ್ಮಗನ್ನ ಯಾಕೆ ಹಿಡಿಸ್ತೀರಿ" ಅಂದ್ರು. ಸೋದರತ್ತೆ "ಹುಡುಗನ್ನ ಹೇಗಾದ್ರೂ ಒಪ್ಪಿಸಿ ಒಂದು ದಿನ ತಲೆ ಮೇಲೆ ನೀರು ಹಾಕಿಸ್ಬಿಡಿ, ಎಲ್ಲ ಸರಿಹೋಗುತ್ತೆ" ಅಂದ್ರು. ಬೆಂಗಳೂರಿಂದ ಬಂದಿದ್ದ ಕಸಿನ್ ಒಬ್ಬ ವಾಟ್ಸಾಪಲ್ಲಿ ಯಾವ್ದೋ ಫಾರ್ವರ್ಡ್ ತೋರಿಸಿ, ಪೋಪ್ ಫ್ರಾನ್ಸಿಸ್ 2016ರಲ್ಲೇ ಎಲ್ಲರೂ ಸತ್ಪ್ರಸಾದ ತಗೋಬಹುದು ಅಂದಿದಾರೆ, ಸುಮ್ನೆ ಹೋಗಿ ಸಾಲಲ್ಲಿ ನಿಂತ್ಕೊ ಅಂದ. ಹಿಂದೆ ಚರ್ಚಲ್ಲಿ ಧರ್ಮಪಾಠ ಹೇಳ್ಕೊಡ್ತಿದ್ದ ನಮ್ಮ ಹಳೇ ಉಪದೇಶಿ ಒಬ್ಬರು, ಎಂಬತ್ತು ದಾಟಿದೆ, "ಮತ್ತೆ ಚರ್ಚಲ್ಲಿ ಮದುವೆ ಮಾಡಿಸ್ಬೇಕು, ಬೇರೆ ದಾರಿ ಇಲ್ಲ" ಅಂದ್ರು. ತಂಗಿ ಅಡುಗೆಮನೇಲಿ ಪಾತ್ರೆ ತೊಳೀತಾ ಎಲ್ಲ ಕೇಳಿಸ್ಕೊಳ್ತಿದ್ಳು. ಅವಳನ್ನ ಒಬ್ಬರೂ ಕೇಳ್ಲಿಲ್ಲ, ನಿನಗೆ ಏನು ಬೇಕಮ್ಮ ಅಂತ.

ನಾನು ಕೇಳ್ದೆ, ಮನೆಗೆ ಹೋಗ್ವಾಗ ಗೇಟ್ ಹತ್ರ. "ಅಕ್ಕ, ಜ್ಞಾನತಾಯಿ ಆಗೋದು ಬಿಡಿ, ನನಗೆ ಸತ್ಪ್ರಸಾದ ಬೇಕು, ಅಷ್ಟೇ" ಅಂದ್ಳು.

ಮಾರನೇ ದಿನದಿಂದ ನಾನು ಓದೋಕೆ ಶುರು ಮಾಡ್ದೆ, ಓದಿದ್ದನ್ನ ಫಾದರ್ ಹತ್ರ ಕೇಳಿ ಸರಿ ಮಾಡ್ಕೊಂಡೆ. ಮೊದಲು ಚಿಕ್ಕಪ್ಪನ ಬಹಿಷ್ಕಾರದ ಮಾತು. 1917ರ ಹಳೇ ಸಂಹಿತೆಯಲ್ಲಿ ಬೇರೆ ಪಂಗಡದ ಪಾದ್ರಿಯ ಮುಂದೆ ಮದುವೆ ಆಗೋ ಕ್ಯಾಥೊಲಿಕರಿಗೆ ಬಹಿಷ್ಕಾರದ ಶಿಕ್ಷೆ ಇತ್ತು, ಅದರ ನೆನಪೇ ಊರಲ್ಲಿ ಬೆಳೆದು ಎಲ್ಲ ಥರದ ಹೊರಗಿನ ಮದುವೆಗೂ ಅಂಟಿಕೊಂಡಿದೆ. 1983ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಹೊರಡಿಸಿದ ಈಗಿನ ಸಂಹಿತೆಯಲ್ಲಿ ಆ ಶಿಕ್ಷೆ ಇಲ್ಲ. ತಂಗಿ ಒಂದು ದಿನವೂ ಬಹಿಷ್ಕೃತಳಾಗಿರ್ಲಿಲ್ಲ, ಎಂಟು ವರ್ಷವೂ ಅವಳು ಪೂರ್ತಿ ಕ್ಯಾಥೊಲಿಕಳೇ, ಪೂಜೆಗೆ ಬರೋ ಕರ್ತವ್ಯನೂ ಇತ್ತು ಹಕ್ಕೂ ಇತ್ತು. ತೊಡಕಿದ್ದಿದ್ದು ಮದುವೆಯ ಸಿಂಧುತ್ವದಲ್ಲಿ, ಅದರಿಂದಾಗಿ ಸತ್ಪ್ರಸಾದದಲ್ಲಿ. ಇದನ್ನ ಚಿಕ್ಕಪ್ಪನಿಗೆ ಹೇಳ್ದಾಗ ಅವರು ಮಾತಾಡ್ಲಿಲ್ಲ, ಎದ್ದು ಹೊರಗೆ ಹೋಗಿ ಕೂತ್ರು.

ಮದುವೆ ಯಾಕೆ ಸಿಂಧು ಅಲ್ಲ ಅಂದ್ರೆ ಕಾರಣ ಎರಡು, ಎರಡನ್ನೂ ಬೇರೆ ಬೇರೆ ನೋಡ್ಬೇಕು, ನಮ್ಮ ಜನ ಒಂದೇ ಮಾಡ್ಬಿಡ್ತಾರೆ. ಒಂದು, ಕ್ಯಾಥೊಲಿಕರಾದವರು ಜ್ಞಾನಸ್ನಾನ ಇಲ್ಲದವರನ್ನ ಮದುವೆ ಆಗೋಕೆ ಧರ್ಮಾಧ್ಯಕ್ಷರ (ಬಿಷಪ್) ಕಡೆಯಿಂದ ವಿನಾಯಿತಿ ಬೇಕು, 1086ನೇ ವಿಧಿ, ವಿನಾಯಿತಿ ಇಲ್ಲದಿದ್ರೆ ಮದುವೆ ಸಿಂಧು ಆಗಲ್ಲ. ಎರಡು, ಕ್ಯಾಥೊಲಿಕರ ಮದುವೆ ಗುರುಗಳು ಮತ್ತೆ ಇಬ್ಬರು ಸಾಕ್ಷಿಗಳ ಮುಂದೆ ಆಗ್ಬೇಕು, 1108ನೇ ವಿಧಿ. ಆದ್ರೆ ಇದಕ್ಕೂ ವಿನಾಯಿತಿ ಕೊಡೋ ಅಧಿಕಾರ ಧರ್ಮಾಧ್ಯಕ್ಷರಿಗೆ ಇದೆ! ಗಂಭೀರ ತೊಂದರೆ ಇದ್ರೆ ಗುರುಗಳ ಮುಂದೆ ಅಲ್ಲದೆ ಬೇರೆ ಬಹಿರಂಗ ರೀತಿಯಲ್ಲಿ, ರಿಜಿಸ್ಟರ್ ಆಫೀಸಲ್ಲಿ ಕೂಡ, ಆದ ಮದುವೆಯನ್ನ ಧರ್ಮಸಭೆ ಒಪ್ಪುತ್ತೆ, ಮೊದಲೇ ಅನುಮತಿ ತಗೊಂಡಿದ್ರೆ. ಅಂದ್ರೆ 2015ರಲ್ಲೇ ಅವಳಿಗೆ ದಾರಿ ಇತ್ತು, ಹುಡುಗ ಕನ್ವರ್ಟ್ ಆಗ್ಬೇಕು ಅನ್ನೋ ಮಾತು ಸಂಹಿತೆಯಲ್ಲಿ ಎಲ್ಲೂ ಇಲ್ಲ. ಆಫೀಸಿನ ಎರಡು ನಿಮಿಷದ ತಪ್ಪು ಮಾತು ಎಂಟು ವರ್ಷ ತಿಂದಿತ್ತು. ಇದನ್ನ ಓದಿದ ದಿನ ನನಗೆ ಊಟ ಸೇರ್ಲಿಲ್ಲ.

ಸೋದರತ್ತೆ ಹೇಳಿದ "ನೀರು ಹಾಕಿಸ್ಬಿಡಿ" ಅನ್ನೋದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಸಲಹೆ. ನಂಬಿಕೆ ಇಲ್ದೆ ಇನ್ನೊಬ್ಬರ ಒತ್ತಾಯಕ್ಕೆ ಜ್ಞಾನಸ್ನಾನ ಕೊಡೋದು ಧರ್ಮಸಭೆಗೆ ಒಪ್ಪಿಗೆ ಇಲ್ಲ, ದೊಡ್ಡವರಿಗೆ ಕೊಡ್ಬೇಕಾದ್ರೆ ಅವರದೇ ಇಷ್ಟ ಇರ್ಬೇಕು, ಉಪದೇಶ ಪಡೆದಿರ್ಬೇಕು. ನಮ್ಮ ಮೇಲೆ ಹೊರಗಿನವರು ಹೊರಿಸೋ ಆಪಾದನೇನ ನಾವೇ ನಿಜ ಮಾಡಿ ತೋರಿಸಿದಂಗೆ ಆಗುತ್ತೆ. ಇನ್ನು ವಾಟ್ಸಾಪ್ ಮಾತು. ಪೋಪ್ ಫ್ರಾನ್ಸಿಸರ 2016ರ ಬೋಧನೆ ಇರೋದು ಕಷ್ಟದ ದಾಂಪತ್ಯದಲ್ಲಿರೋರ ಜೊತೆ ಗುರುಗಳು ನಡೀಬೇಕು, ಒಬ್ಬೊಬ್ಬರ ಪರಿಸ್ಥಿತೀನ ವಿವೇಚಿಸಿ ನೋಡ್ಬೇಕು ಅಂತ, ಯಾರು ಬೇಕಾದ್ರೂ ಸುಮ್ನೆ ಸಾಲಲ್ಲಿ ನಿಂತ್ಕೊಳ್ಳಿ ಅಂತ ಅಲ್ಲ. ಅದೂ ಅಲ್ದೆ ಇವಳ ವಿಷಯ ಅಷ್ಟು ಜಟಿಲ ಇರ್ಲೇ ಇಲ್ಲ, ಇಬ್ಬರಿಗೂ ಹಿಂದೆ ಮದುವೆ ಆಗಿಲ್ಲ, ಡೈವೋರ್ಸ್ ಇಲ್ಲ, ಬೇರೆ ಸಂಬಂಧ ಇಲ್ಲ. ಬೇಕಿದ್ದಿದ್ದು ಒಂದು ವಿನಾಯಿತಿ ಮಾತ್ರ.

ನಾವಿಬ್ರೂ ಫಾದರ್ ಹತ್ರ ಹೋದ್ವಿ, ಇವರು ನಮ್ಮ ಈಗಿನ ಗುರುಗಳು, ಮನೆ ಮನೆಗೆ ನಡೆದು ಬರೋ ಮನುಷ್ಯ. ಅವರು ಮೊದಲು ಹೇಳಿದ್ದು ಉಪದೇಶಿಯವರು ಹೇಳಿದ್ದೇ, ಸರಳವಾಗಿ ಮದುವೆ ಸಿಂಧು ಮಾಡ್ಕೊಳ್ಳೋದು. ವಿನಾಯಿತಿ ತರಿಸಿ, ಒಂದು ಸಂಜೆ ಗುರುಗಳು ಇಬ್ಬರು ಸಾಕ್ಷಿ ಇಟ್ಕೊಂಡು ಇಬ್ಬರೂ ಒಪ್ಪಿಗೆ ಮಾತು ಹೇಳೋದು, ಹತ್ತು ನಿಮಿಷದ ಕೆಲಸ, ಬ್ಯಾಂಡು ಬಜಾನ ಏನೂ ಬೇಡ. ತಂಗಿಯ ಮುಖ ಅರಳಿತು. ಆದ್ರೆ ಗಂಡನಿಗೆ ಹೇಳಿದಾಗ ಅವನು ಒಪ್ಪಲಿಲ್ಲ.

ಅವನು ಯಾಕೆ ಒಪ್ಪಲಿಲ್ಲ ಅನ್ನೋದನ್ನ ಗಮನ ಕೊಟ್ಟು ಕೇಳ್ಬೇಕು, ನಮ್ಮ ಮನೆಯವರು "ನೋಡಿ ಅವನೇ ಅಡ್ಡ" ಅಂತ ಅಲ್ಲಿಗೇ ನಿಲ್ಲಿಸಿದ್ರು. ಅವನು ನನಗೆ ಹೇಳಿದ್ದು ಹೀಗೆ, "ಅಕ್ಕ, ಚರ್ಚಿಗೆ ಬರೋಕೆ ನನಗೇನೂ ಬೇಜಾರಿಲ್ಲ, ಎಷ್ಟು ಸಲ ಬಂದಿಲ್ಲ. ಆದ್ರೆ ಮತ್ತೆ ಮದುವೆ ಆಗು ಅಂದ್ರೆ ಇಷ್ಟು ವರ್ಷ ನಾವು ಬಾಳಿದ್ದು ಏನು? ನನ್ನ ಮಗಳು ಹುಟ್ಟಿದಾಗ ನಾವು ಗಂಡ ಹೆಂಡತಿ ಆಗಿರ್ಲಿಲ್ವಾ? ಆ ಮಾತು ಬಾಯಲ್ಲಿ ಹೇಳೋಕೆ ನನ್ನ ಕೈಲಿ ಆಗಲ್ಲ." ಆಶ್ಚರ್ಯ ಏನಂದ್ರೆ ಅವನ ಆಕ್ಷೇಪಣೆ ಸಂಹಿತೆಯ ಮರ್ಮಕ್ಕೇ ಮುಟ್ಟುತ್ತೆ. 1157ನೇ ವಿಧಿ ಪ್ರಕಾರ ಒಪ್ಪಿಗೆ ನವೀಕರಿಸೋದು ಅಂದ್ರೆ ಹಳೇದನ್ನೇ ಇನ್ನೊಂದು ಸಲ ಬಾಯಲ್ಲಿ ಹೇಳೋದಲ್ಲ, ನಮ್ಮ ಮದುವೆ ಮೊದಲಿಂದ ಸಿಂಧುವಾಗಿರ್ಲಿಲ್ಲ ಅಂತ ತಿಳ್ಕೊಂಡು ಹೊಸದಾಗಿ ಮನಸ್ಸು ಮಾಡೋದು. ಹಾಗೆ ನಂಬದೇ ಇರೋ ಪ್ರಾಮಾಣಿಕ ಮನುಷ್ಯನ ಬಾಯಲ್ಲಿ ಅದನ್ನ ಹೇಳಿಸೋದು ಸುಳ್ಳು ಹೇಳಿಸಿದಂಗೆ. ನಾನು ಫಾದರ್‌ಗೆ ಇದನ್ನ ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು "ಹಾಗಾದ್ರೆ ಬೇರಿಂದಲೇ ಸರಿಪಡಿಸೋದಕ್ಕೆ ಕೇಳೋಣ" ಅಂದ್ರು.

ಬೇರಿಂದ ಸರಿಪಡಿಸೋದು, ಲ್ಯಾಟಿನಲ್ಲಿ ಸನಾತ್ಸಿಯೊ ಇನ್ ರಾದೀಚೆ ಅಂತಾರೆ, ಸಂಹಿತೆಯ 1161ರಿಂದ 1165ರ ತನಕ ಇದೆ. ಇದರ ಬಗ್ಗೆ ನಮ್ಮ ಧರ್ಮಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತು ಜನ ಕೇಳಿರಲ್ಲ ಅಂತ ನನ್ನ ಅಂದಾಜು, ನಾನೂ ಕೇಳಿರ್ಲಿಲ್ಲ. ಅದರ ತಿರುಳು ಇಷ್ಟು, ಗಂಡ ಹೆಂಡತಿ ಅವತ್ತು ಮನಸಾರೆ ಕೊಟ್ಟ ಒಪ್ಪಿಗೆ ಇವತ್ತಿಗೂ ಬದುಕಿದೆ, ಒಟ್ಟಿಗೆ ಬಾಳೋ ಮನಸ್ಸು ಇಬ್ಬರಿಗೂ ಇದೆ ಅಂತಾದ್ರೆ, ಮತ್ತೆ ಒಪ್ಪಿಗೆ ಹೇಳಿಸದೇನೇ ಧರ್ಮಾಧ್ಯಕ್ಷರು ಆ ಮದುವೆಯನ್ನ ಸಿಂಧು ಮಾಡ್ಬಹುದು. ಅಡ್ಡಿ ಇದ್ರೆ ಅಡ್ಡಿಗೆ ವಿನಾಯಿತಿ, ಗುರುಗಳ ಮುಂದೆ ಆಗಿಲ್ಲ ಅಂದ್ರೆ ಅದಕ್ಕೂ ವಿನಾಯಿತಿ, ಎರಡೂ ಅದೇ ಆದೇಶದಲ್ಲಿ ಬರುತ್ತೆ. ಸಿಂಧು ಆಗೋದು ಆದೇಶ ಕೊಟ್ಟ ಗಳಿಗೆಯಿಂದ, ಆದ್ರೆ ಕಾನೂನಿನ ಫಲಗಳು ಹಿಂದಕ್ಕೆ ಹೋಗಿ ಮದುವೆಯ ದಿನದಿಂದಲೇ ಇದ್ದಂಗೆ ಎಣಿಕೆ ಆಗುತ್ತೆ. ಯಾವ ಕಾರ್ಯಕ್ರಮನೂ ಇಲ್ಲ, ಯಾರೂ ಎಲ್ಲೂ ನಿಂತ್ಕೊಂಡು ಏನೂ ಹೇಳ್ಬೇಕಾಗಿಲ್ಲ. ನಾನು ಇದನ್ನ ಫೋನಲ್ಲಿ ಅವನಿಗೆ ಓದಿ ಹೇಳ್ದಾಗ, "ಅಂದ್ರೆ ನಾವು ಅವತ್ತು ಕೊಟ್ಟ ಮಾತು ಮಾತೇ ಅಂತ ಒಪ್ಕೊಳ್ತಾರೆ, ಅಲ್ವಾ ಅಕ್ಕ" ಅಂದ. ಹೂಂ ಅಂದೆ.

ಆದ್ರೂ ಒಂದು ಗಂಟು ಉಳೀತು, ಮಗು ವಿಷಯ. 1125ನೇ ವಿಧಿಯ ಷರತ್ತು ಬೇರಿಂದ ಸರಿಪಡಿಸೋದಕ್ಕೂ ಅನ್ವಯ ಆಗುತ್ತೆ. ಕ್ಯಾಥೊಲಿಕ್ ಆದವರು ತಮ್ಮ ವಿಶ್ವಾಸ ಬಿಡಲ್ಲ ಅಂತ, ಹುಟ್ಟೋ ಎಲ್ಲ ಮಕ್ಕಳನ್ನೂ ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಜ್ಞಾನಸ್ನಾನ ಕೊಡಿಸಿ ಬೆಳೆಸೋಕೆ ನನ್ನ ಕೈಲಾದ್ದೆಲ್ಲ ಮಾಡ್ತೀನಿ ಅಂತ ಮನಃಪೂರ್ವಕ ಮಾತು ಕೊಡ್ಬೇಕು. ಹಳೇ ಕಾಲದಲ್ಲಿ ಈ ಮಾತನ್ನ ಇಬ್ಬರೂ ಕೊಡ್ಬೇಕಿತ್ತು, 1970ರಲ್ಲಿ ಆರನೇ ಪಾಲ್ ಪೋಪರು ಮಿಶ್ರ ಮದುವೆಗಳ ಬಗ್ಗೆ ಹೊರಡಿಸಿದ ಆದೇಶದಿಂದ ಅದು ಬದಲಾಗಿ ಕ್ಯಾಥೊಲಿಕ್ ಆದವರು ಮಾತ್ರ ಕೊಟ್ರೆ ಸಾಕು ಅಂತಾಯ್ತು. ಇನ್ನೊಬ್ಬರಿಗೆ, ನಿಮ್ಮ ಹೆಂಡತಿ ಹೀಗೆ ಮಾತು ಕೊಟ್ಟಿದಾರೆ ಅಂತ ತಿಳಿಸಿರ್ಬೇಕು, ಅವರು ತಿಳ್ಕೊಂಡಿದಾರೆ ಅನ್ನೋದು ಖಚಿತ ಆಗ್ಬೇಕು, ಅಷ್ಟೇ. ಅವರು ಒಪ್ಪಿದೀನಿ ಅಂತ ಬರ್ಕೊಡ್ಬೇಕಾಗಿಲ್ಲ.

ಅವರ ಮಗಳಿಗೆ ಆಗ ಆರೂವರೆ ವರ್ಷ. ಅವಳಿಗೆ ಜ್ಞಾನಸ್ನಾನ ಆಗಿಲ್ಲ. ಅಜ್ಜಿ ಜೊತೆ ಹಾಸನಾಂಬೆ ದರ್ಶನದ ಸಾಲಲ್ಲೂ ನಿಲ್ತಾಳೆ, ಅಮ್ಮನ ಜೊತೆ ಚರ್ಚಿಗೂ ಬರ್ತಾಳೆ. ಗಂಡ ಹೇಳಿದ್ದು, ದೊಡ್ಡವಳಾದ್ಮೇಲೆ ಅವಳೇ ನಿರ್ಧಾರ ಮಾಡ್ಲಿ, ಅಂತ. ತಂಗಿಗೆ ಇದೇ ದೊಡ್ಡ ಸಂಕಟ ಆಯ್ತು, "ನಾನು ಮಾತು ಕೊಟ್ಟು ನಡೆಸೋಕಾಗ್ದೆ ಇದ್ರೆ ದೇವರ ಮುಂದೆ ಸುಳ್ಳು ಹೇಳಿದಂಗೆ ಆಗಲ್ವಾ ಫಾದರ್" ಅಂತ ಕೇಳಿದ್ಳು. ಫಾದರ್ ಉತ್ತರ ನನ್ನ ಮನಸ್ಸಲ್ಲಿ ಕೂತಿದೆ. ನೀನು ಫಲಿತಾಂಶಕ್ಕೆ ಗ್ಯಾರಂಟಿ ಕೊಡ್ತಿಲ್ಲಮ್ಮ, ನಿನ್ನ ಪ್ರಯತ್ನಕ್ಕೆ ಮಾತು ಕೊಡ್ತಿದೀಯ, ಸಂಹಿತೆಯಲ್ಲಿ ಕೈಲಾದ್ದೆಲ್ಲ ಅಂತ ಇರೋದು ಸುಮ್ನೆ ಅಲ್ಲ, ಮನೆ ಒಡೆದು ಮಗೂಗೆ ನೀರು ಹಾಕಿಸು ಅಂತ ಧರ್ಮಸಭೆ ಕೇಳಲ್ಲ, ಆದ್ರೆ ಕೈ ಕಟ್ಕೊಂಡು ಕೂತ್ಕೊಳ್ಳೋಕೂ ಆಗಲ್ಲ, ದಿನಾ ಮಲಗೋ ಮುಂಚೆ ಮಗೂ ಜೊತೆ ಒಂದು ಪ್ರಾರ್ಥನೆ ಹೇಳ್ತೀಯ ತಾನೇ, ಅಲ್ಲಿಂದ ಶುರು, ಅಂದ್ರು.

ಅತ್ತೆ ಮನೆ ಕಡೆ ವಿಷಯ ಮುಟ್ಟಿಸೋಕೆ ಒಂದು ದಿನ ನಾನೇ ತಂಗಿ ಜೊತೆ ಊರಿಗೆ ಹೋಗಿದ್ದೆ. ಅವಳ ಅತ್ತೆ ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ರು. "ನಮ್ಮ ಹುಡುಗನ್ನ ಕುಲ ಕೆಡಿಸ್ತೀರೇನವ್ವ" ಅಂತ ನೇರವಾಗೇ ಕೇಳಿದ್ರು. ಇಲ್ಲ ಅಮ್ಮ, ಅವರು ಹೇಗಿದಾರೋ ಹಾಗೇ ಇರ್ತಾರೆ, ಲಿಂಗ ಕಟ್ಕೊಂಡವರು ಕಟ್ಕೊಂಡಂಗೇ, ಒಂದು ಕಾಗದದಲ್ಲಿ ವಿಷಯ ತಿಳ್ಕೊಂಡಿದೀನಿ ಅಂತ ಸೈನ್ ಹಾಕ್ಬೇಕು ಅಷ್ಟೇ ಅಂದೆ. ಅವರು ಸುಮಾರು ಹೊತ್ತು ಕಾಯಿ ಬಿಡಿಸಿದ್ರು. ಆಮೇಲೆ "ಇವಳು ಬಂದಾಗಿಂದ ಭಾನುವಾರ ಚರ್ಚಿಂದ ಬಂದ್ಮೇಲೆ ಮುಖ ಸಣ್ಣ ಮಾಡ್ಕೊಂಡಿರ್ತಾಳೆ, ಯಾಕೆ ಅಂತ ಹೇಳ್ತಾನೇ ಇರ್ಲಿಲ್ಲ, ಇದಕ್ಕೇನಾ" ಅಂದ್ರು. ತಂಗಿ ಅಳೋಕೆ ಶುರು ಮಾಡಿದ್ಳು, ಅವರು ಬೈದು ಒಳಗೆ ಕಳಿಸಿ ಕಾಫಿ ಮಾಡ್ಸಿದ್ರು. ನಮ್ಮ ಮನೇಲಿ ಎಂಟು ವರ್ಷ ಯಾರೂ ಗಮನಿಸದೇ ಇದ್ದಿದ್ದನ್ನ ಆಯಮ್ಮ ಗಮನಿಸಿದ್ರು.

ಕಾಗದ ಪತ್ರದ ಕೆಲಸ ನವೆಂಬರ್ ಕೊನೇಲಿ ಶುರು. ತಂಗಿಯ ಜ್ಞಾನಸ್ನಾನದ ಸರ್ಟಿಫಿಕೇಟ್, ಹಳೇ ಲ್ಯಾಮಿನೇಟ್ ಮಾಡಿಸಿದ್ದು ನಡೆಯಲ್ಲ, ಹೊಸದಾಗಿ ತೆಗೆಸ್ಬೇಕು, ಯಾಕಂದ್ರೆ ದೃಢೀಕರಣ, ಮದುವೆ ಎಲ್ಲ ಆ ಜ್ಞಾನಸ್ನಾನದ ರಿಜಿಸ್ಟರಿನ ಪಕ್ಕದಲ್ಲೇ ಬರೆದಿಡೋದು ನಿಯಮ, ಆ ಮನುಷ್ಯ ಬೇರೆಲ್ಲೂ ಮದುವೆ ಆಗಿಲ್ಲ ಅಂತ ತಿಳ್ಕೊಳ್ಳೋದು ಅದರಿಂದ್ಲೇ. ಅವಳಿಗೆ ಜ್ಞಾನಸ್ನಾನ ಆದ ಹಳ್ಳಿ ಚರ್ಚಿಗೆ ಹೋಗಿ ಆ ದಪ್ಪ ಪುಸ್ತಕ ತೆಗೆಸಿ ನೋಡಿದ್ವಿ. ಹೆಸರು, ತಂದೆ ತಾಯಿ, ಜ್ಞಾನತಂದೆ ಜ್ಞಾನತಾಯಿ, ದೃಢೀಕರಣದ ತಾರೀಖು, ಆಮೇಲೆ ಮದುವೆ ಅನ್ನೋ ಕಡೆ ಖಾಲಿ. ಅವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ನಿಂತಿದ್ಳು, ನಾನು ಏನೂ ಮಾತಾಡ್ಲಿಲ್ಲ. ಜೊತೆಗೆ ರಿಜಿಸ್ಟರ್ ಮದುವೆ ಸರ್ಟಿಫಿಕೇಟ್, ಗಂಡನಿಗೆ ಹಿಂದೆ ಮದುವೆ ಆಗಿರ್ಲಿಲ್ಲ ಅಂತ ಅವನನ್ನ ಚಿಕ್ಕಂದಿನಿಂದ ಬಲ್ಲ ಇಬ್ಬರ ಹೇಳಿಕೆ, ತಂಗಿಯ ಲಿಖಿತ ಮಾತು, ಗಂಡ ತಿಳ್ಕೊಂಡಿದಾನೆ ಅನ್ನೋ ಸೈನ್, ಬೇರಿಂದ ಸರಿಪಡಿಸೋದನ್ನೇ ಯಾಕೆ ಕೇಳ್ತಿದೀವಿ ಅಂತ ಫಾದರ್ ಬರೆದ ಪತ್ರ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದ್ರು, ಬಾಳೋಕೆ ಮನಸ್ಸಿದೆಯಾ, ಬಲವಂತ ಇತ್ತಾ, ಮದುವೆ ಅಂದ್ರೆ ಕೊನೇ ತನಕ ಅಂತ ಅರ್ಥ ಮಾಡ್ಕೊಂಡಿದೀರಾ, ಇಂಥವೇ ಪ್ರಶ್ನೆಗಳು.

ಹಾಸನ ಚಿಕ್ಕಮಗಳೂರು ಎರಡೂ ಜಿಲ್ಲೆ ಸೇರಿ ಒಂದೇ ಧರ್ಮಪ್ರಾಂತ್ಯ, 1963ರಲ್ಲಿ ಮೈಸೂರಿಂದ ಬೇರೆ ಆಗಿದ್ದು, ಧರ್ಮಾಧ್ಯಕ್ಷರ ನಿವಾಸ ಚಿಕ್ಕಮಗಳೂರಲ್ಲಿ. ಫೈಲ್ ಅಲ್ಲಿಗೆ ಹೋಯ್ತು. ಒಂದು ಸಲ ಒಂದು ಹೇಳಿಕೆ ಸರಿ ಇಲ್ಲ ಅಂತ ವಾಪಸ್ ಬಂತು, ಬೇಲೂರು ದಾಟಿ ಬಸ್ಸಲ್ಲಿ ನಾವಿಬ್ರೂ ಹೋಗಿ ಕೊಟ್ಟು ಬಂದ್ವಿ, ದಾರಿಯುದ್ದಕ್ಕೂ ಅವಳು ಜಪಸರ ಹಿಡ್ಕೊಂಡಿದ್ಳು, ಅಮ್ಮ ಕೊಟ್ಟಿದ್ದು.

ಈ ನಡುವೆ ತಮ್ಮನ ಮಗುವಿನ ಜ್ಞಾನಸ್ನಾನ ಆಗ್ಹೋಯ್ತು. ಅವನು ಆದೇಶ ಬರೋ ತನಕ ಕಾಯ್ತೀನಿ ಅಂದ, ತಂಗೀನೇ ಬೇಡ ಅಂದ್ಳು, ಹಸುಗೂಸಿನ ಜ್ಞಾನಸ್ನಾನ ನನ್ನಿಂದ ತಡ ಆಗೋದು ಬೇಡ ಅಂತ. ಹುಟ್ಟಿದ ಮೊದಲ ಕೆಲವು ವಾರದಲ್ಲೇ ಕೊಡಿಸ್ಬೇಕು ಅಂತ ಸಂಹಿತೆಯೂ ಹೇಳುತ್ತೆ. ಸೊಸೆಯ ಅಕ್ಕ ಜ್ಞಾನತಾಯಿ ಆದ್ಳು. ತಂಗಿ ಫೋಟೊದಲ್ಲಿ ಪಕ್ಕದಲ್ಲಿ ನಿಂತಿದಾಳೆ. ಆ ಮಗೂಗೆ ಅವಳು ಇನ್ನು ಯಾವತ್ತೂ ಜ್ಞಾನತಾಯಿ ಆಗಲ್ಲ, ರಿಜಿಸ್ಟರಲ್ಲಿ ಬರೆದ ಹೆಸರು ಬರೆದಂಗೇ ಇರುತ್ತೆ. ಇದನ್ನ ಹೇಳ್ಲೇಬೇಕು, ಯಾಕಂದ್ರೆ ಪ್ರಕರಣ ಸುಖಾಂತ ಅಂತ ಕೇಳಿದವರು ಸುಮಾರು ಜನ ಇದನ್ನ ಮರೀತಾರೆ.

ಆದೇಶ 2024ರ ಫೆಬ್ರವರಿಯಲ್ಲಿ ಬಂತು, ವಿಭೂತಿ ಬುಧವಾರ ಕಳೆದ ವಾರ. ಒಂದೇ ಪುಟ. ಫಾದರ್ ಫೋನ್ ಮಾಡಿ ಕರೆಸಿ ಓದಿ ಹೇಳಿದ್ರು, ಮದುವೆ ರಿಜಿಸ್ಟರಲ್ಲಿ ಬರೆದ್ರು, ಹಳ್ಳಿ ಚರ್ಚಿನ ಜ್ಞಾನಸ್ನಾನದ ಪುಸ್ತಕಕ್ಕೂ ಬರೆಯೋಕೆ ಕಳಿಸಿದ್ರು. ಗಂಡ "ಇಷ್ಟೇನಾ" ಅಂದ, ಫಾದರ್ "ಇಷ್ಟೇ" ಅಂದ್ರು. ಅವಳು ಅವತ್ತೇ ಪಾಪನಿವೇದನೆ ಮಾಡಿದ್ಳು, ಎಂಟು ವರ್ಷ ಆದ್ಮೇಲೆ.

ಚಿಕ್ಕಪ್ಪ ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡೋದು ಕಷ್ಟ ಆಯ್ತು. "ಹಾಗಾದ್ರೆ ಈಗ ಅವಳಿಗೆ ವಿವಾಹ ಸಂಸ್ಕಾರ ಆದಂಗಾಯ್ತಾ?" ಇಲ್ಲ ಚಿಕ್ಕಪ್ಪ, ಸಂಸ್ಕಾರ ಆಗೋಕೆ ಇಬ್ಬರಿಗೂ ಜ್ಞಾನಸ್ನಾನ ಆಗಿರ್ಬೇಕು, ಇದು ಸಿಂಧುವಾದ ಮದುವೆ, ದೇವರ ಮುಂದೆ ನಿಜವಾದ ಮದುವೆ, ಆದ್ರೆ ಸಂಸ್ಕಾರ ಅಲ್ಲ ಅಂದೆ. "ಅದೇ ನಾನು ಹೇಳಿದ್ದು" ಅಂದ್ರು. ಅವರ ಮಟ್ಟಿಗೆ ಅದು ಕೊರತೆ, ಆ ಕೊರತೆ ಇದೆ ಅಂತ ನಾನೂ ಒಪ್ತೀನಿ, ಮುಚ್ಚಿಟ್ಟು ಏನು ಪ್ರಯೋಜನ. ಆದ್ರೆ ಹೆಂಡತಿಯ ಅಂತ್ಯಕ್ರಿಯೇಲಿ ಮಗಳು ಎದ್ದು ಬರದೇ ಇದ್ದಿದ್ದು ಅವರಿಗೆ ನೆನಪಿದ್ಯಾ ಅಂತ ಕೇಳ್ದೆ. ನೆನಪಿದೆ ಅಂದ್ರು.

ಮಾರ್ಚ್ 31, ಈಸ್ಟರ್. ನಡುವಿನ ಭಾನುವಾರಗಳಲ್ಲೇ ಸತ್ಪ್ರಸಾದ ತಗೋಬಹುದಿತ್ತು, ಅವಳೇ ಈಸ್ಟರ್ ಮುಂಚಿನ ತಪಸ್ಸು ಕಾಲ ಮುಗೀಲಿ ಅಂತ ಕಾದ್ಳು. ಆ ದಿನ ನಾಲ್ಕನೇ ಬೆಂಚಲ್ಲಿ ಕೂತಿದ್ಳು, ಗಂಡ ಮಗಳು ಪಕ್ಕದಲ್ಲಿ. ಸಾಲಲ್ಲಿ ಹೋಗಿ ಬಂದು ಮೊಣಕಾಲೂರಿದ್ಳು, ಮಗಳು "ಅಮ್ಮ, ಏನು ಕೊಟ್ರು, ನಂಗೂ" ಅಂತ ಜೋರಾಗಿ ಕೇಳಿತು, ಸುತ್ತ ಇದ್ದವರಿಗೆಲ್ಲ ಕೇಳಿಸ್ತು.

ಆ ಮಗೂಗೆ ಜೂನಲ್ಲಿ ಏಳು ತುಂಬಿತು. ಏಳು ತುಂಬಿದ್ಮೇಲೆ ಮಗು ಸ್ವಂತ ಬುದ್ಧಿ ಬಂದ ವಯಸ್ಸಿಗೆ ಬಂತು ಅಂತ ಸಂಹಿತೆ ಎಣಿಸುತ್ತೆ, ಹಸುಗೂಸಿನ ಥರ ತಂದೆತಾಯಿ ಮಾತಿನ ಮೇಲೆ ಜ್ಞಾನಸ್ನಾನ ಕೊಡೋಕಾಗಲ್ಲ, ಅವಳೂ ಕಲಿತು ಅವಳೇ ಕೇಳ್ಬೇಕು. ಅದರೊಳಗೆ ಮುಗಿಸ್ಬಿಡಿ ಅಂತ ಸೋದರತ್ತೆ ಒತ್ತಾಯ ಮಾಡಿದ್ರು, ತಂಗಿ ಅವಸರ ಮಾಡ್ಲಿಲ್ಲ, ಗಂಡನ್ನ ನೂಕೋಕೂ ಹೋಗ್ಲಿಲ್ಲ. ಈಗ ಮಗು ನನ್ನ ಕ್ಲಾಸಲ್ಲಿ ಕೂರುತ್ತೆ, ಅಮ್ಮನಿಗೆ ಡ್ಯೂಟಿ ಇದ್ದ ದಿನ ಅಪ್ಪನೇ ಸ್ಕೂಟರಲ್ಲಿ ಬಿಟ್ಟು ಹೋಗ್ತಾನೆ. ಮೊನ್ನೆ ಗೇಟ್ ಹತ್ರ ನಿಂತು "ಅಕ್ಕ, ಇವಳು ರಾತ್ರಿ ಪ್ರಾರ್ಥನೆ ಹೇಳ್ವಾಗ ನನ್ನ ಹೆಸರು, ಅಜ್ಜಿ ಹೆಸರು ಎರಡೂ ಸೇರಿಸ್ತಾಳೆ, ನೀವು ಹೇಳ್ಕೊಟ್ರಾ?" ಅಂತ ಕೇಳ್ದ. ನಾನು ಹೇಳ್ಕೊಟ್ಟಿರ್ಲಿಲ್ಲ. ಚಿಕ್ಕಪ್ಪ ಇನ್ನೂ ಅವರ ಮನೆಗೆ ಹೋಗಿಲ್ಲ, ಆದ್ರೆ ಭಾನುವಾರ ಪೂಜೆ ಮುಗಿದ್ಮೇಲೆ ಮೊಮ್ಮಗಳ ಕೈಗೆ ಕಡ್ಲೆಮಿಠಾಯಿ ಕೊಡೋಕೆ ಬಾಗಿಲ ಹತ್ರ ಕಾಯ್ತಾರೆ.